ಅಸಮಾನತೆಯ ಅಂಕಿ ಕೊಡುವ ಸೈಟುಗಳು: ಒಂದು ಸಲ ಮಂಗನಾದವನ ರಿವ್ಯೂ

ಮೊದಲು ನನ್ನ ಪೆದ್ದುತನದ ಕಥೆ ಹೇಳಿಬಿಡುತ್ತೇನೆ. ಹೋದ ವರ್ಷ ದುಡ್ಡು ಕೊಟ್ಟು ಒಂದು ಚಾರ್ಟ್ ಸೇವೆಗೆ ಚಂದಾದಾರನಾದೆ. ಹೆಸರು ಬೇಡ ಬಿಡಿ. ದೇಶಗಳ ಹೆಸರು ಒತ್ತಿದರೆ ಸಾಕು, ಬಣ್ಣಬಣ್ಣದ ಕಂಬಗಳು ಎದ್ದು ನಿಲ್ಲುತ್ತಿದ್ದವು. ಶ್ರೀಮಂತ ದೇಶಗಳ ಒಳಗೆ ಜನರ ಆದಾಯದ ನಡುವೆ ಎಷ್ಟು ಅಂತರ ಇದೆ ಎಂದು ನಾನು ಹತ್ತು ನಿಮಿಷ ಮಾತಾಡಬೇಕಿತ್ತು. ಅಮೆರಿಕ 0.49, ಫ್ರಾನ್ಸ್ 0.29 ಎಂದು ಚಾರ್ಟ್ ತೋರಿಸಿತು; ಅಂಕಿ ದೊಡ್ಡದಾದಷ್ಟೂ ಅಂತರ ಜಾಸ್ತಿ. ಅಬ್ಬಾ, ಎಂಥಾ ವ್ಯತ್ಯಾಸ ಅಂದುಕೊಂಡು ಅದನ್ನೇ ಪರದೆ ತುಂಬ ಹಾಕಿದೆ. ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಕೈ ಎತ್ತಿದರು. ಕೇಳಿದ್ದು ಒಂದೇ ಪ್ರಶ್ನೆ. "ಇದು ತೆರಿಗೆಗೆ ಮೊದಲಿನದಾ, ಆಮೇಲಿನದಾ?"

ನನಗೆ ಗೊತ್ತಿರಲಿಲ್ಲ. ಚಾರ್ಟಿನ ಮೇಲೂ ಬರೆದಿರಲಿಲ್ಲ.

ಆಮೇಲೆ ಕೂತು ಹುಡುಕಿದಾಗ ಗೊತ್ತಾಯಿತು. ಅಮೆರಿಕದ ಆ 0.49 ಅಲ್ಲಿನ ಜನಗಣತಿ ಸಂಸ್ಥೆಯ ಅಂಕಿ. ತೆರಿಗೆ ಕಟ್ಟುವ ಮೊದಲು ಮನೆಗೆ ಬರುವ ನಗದನ್ನು ಮಾತ್ರ ಅದು ಲೆಕ್ಕ ಹಾಕುತ್ತದೆ. ಮನೆಯಲ್ಲಿ ಒಬ್ಬರೇ ಇದ್ದಾರಾ ಆರು ಜನ ಇದ್ದಾರಾ ಅಂತಲೂ ನೋಡುವುದಿಲ್ಲ. ಫ್ರಾನ್ಸಿನದು ತೆರಿಗೆ ಕಳೆದು, ಸರ್ಕಾರದ ನೆರವು ಕೂಡಿಸಿ, ಮನೆಯ ಗಾತ್ರಕ್ಕೆ ಸರಿಹೊಂದಿಸಿದ ಅಂಕಿ. ಎರಡನ್ನೂ ಒಂದೇ ರೀತಿ ಅಳೆದರೆ ಅಮೆರಿಕ 0.39ರ ಆಸುಪಾಸು ಬರುತ್ತದೆ. ಅಂತರ ಇರುವುದು ನಿಜ. ಆದರೆ ನಾನು ಪರದೆ ಮೇಲೆ ತೋರಿಸಿದ್ದರ ಅರ್ಧ. (ಈ ಅಂಕಿಗೆ ಗಿನಿ ಅಂತ ಹೆಸರು. ಇಟಲಿಯ ಕೊರ‍್ರಾಡೊ ಗಿನಿ 1912ರಲ್ಲಿ ಮುಂದಿಟ್ಟದ್ದು. ಎಲ್ಲರಿಗೂ ಸಮ ಸಿಕ್ಕರೆ 0, ಇರುವುದೆಲ್ಲ ಒಬ್ಬರಿಗೇ ಹೋದರೆ 1.)

ಚಂದಾ ಸೇವೆಗೆ ಮೇಲ್ ಬರೆದೆ. ಉತ್ತರ ಬರಲಿಲ್ಲ. ಸರಿ, ಪುಕ್ಕಟೆ ಸಿಗುವ ಮೂಲಗಳನ್ನೇ ನೇರವಾಗಿ ಬಳಸೋಣ ಎಂದು ಕೆಲವು ತಿಂಗಳು ಅದರಲ್ಲೇ ಒದ್ದಾಡಿದೆ. ಆ ಅನುಭವದ ಮೇಲೆ ಈ ರಿವ್ಯೂ. ಪ್ರತಿಯೊಂದಕ್ಕೂ ನಾನು ಹಾಕಿದ ಪರೀಕ್ಷೆ ಆ ಹೆಂಗಸಿನ ಪ್ರಶ್ನೆಯೇ: ಏನನ್ನು, ಯಾವ ಹಂತದಲ್ಲಿ ಅಳೆದಿದ್ದೀಯಪ್ಪಾ, ಹೇಳು.

ಮೊದಲು ಒಇಸಿಡಿ. ಹೆಚ್ಚುಕಡಿಮೆ ಶ್ರೀಮಂತ ದೇಶಗಳದ್ದೇ ಕೂಟ ಇದು. ಇದರ ಆದಾಯ ಹಂಚಿಕೆಯ ಡೇಟಾಬೇಸ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಎಲ್ಲ ದೇಶಕ್ಕೂ ಒಂದೇ ಅಳತೆಗೋಲು. ಮನೆಗೆ ಬರುವ ಸಂಬಳ, ವ್ಯಾಪಾರದ ಲಾಭ, ಬಡ್ಡಿ, ಬಾಡಿಗೆ, ಪಿಂಚಣಿ ಎಲ್ಲ ಕೂಡಿಸಿ, ತೆರಿಗೆ ಕಳೆದು, ಉಳಿದದ್ದನ್ನು ಮನೆಯಲ್ಲಿರುವ ತಲೆಗಳ ವರ್ಗಮೂಲದಿಂದ ಭಾಗಿಸುತ್ತಾರೆ. ನಾಲ್ಕು ಜನರ ಮನೆಯಾದರೆ ಎರಡರಿಂದ. ನಾಲ್ಕು ಜನ ಒಟ್ಟಿಗಿದ್ದರೆ ನಾಲ್ಕು ಫ್ರಿಜ್ ಬೇಕಾಗುವುದಿಲ್ಲ, ಅಲ್ವಾ? ಅದಕ್ಕೆ.

ಈ ಗೋಲಿನಲ್ಲಿ ಅಳೆದರೆ ಸ್ಲೊವಾಕಿಯಾ 0.22ರ ಹತ್ತಿರ, ನಾರ್ವೆ 0.26, ಡೆನ್ಮಾರ್ಕ್ ಮತ್ತು ಸ್ವೀಡನ್ ಅದಕ್ಕಿಂತ ಸ್ವಲ್ಪ ಮೇಲೆ, ಜರ್ಮನಿ 0.30ರ ಸುತ್ತ, ಜಪಾನ್ 0.33, ಬ್ರಿಟನ್ 0.35, ಅಮೆರಿಕ 0.39. ವರ್ಷದಿಂದ ವರ್ಷಕ್ಕೆ 0.01, 0.02ರಷ್ಟು ಆಚೀಚೆ ಆಗುತ್ತದೆ, ಸಾಲಿನ ಕ್ರಮ ಅಷ್ಟಾಗಿ ಬದಲಾಗುವುದಿಲ್ಲ.

ನನಗೆ ನಿಜವಾಗಿ ಹಿಡಿಸಿದ್ದು ಬೇರೆ. ತೆರಿಗೆಗೆ ಮೊದಲಿನ ಗಿನಿ, ಆಮೇಲಿನ ಗಿನಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಬಹುದು. ಇಟ್ಟು ನೋಡಿದರೆ ತಮಾಷೆ ಶುರು. ಸರ್ಕಾರ ಕೈ ಹಾಕುವ ಮೊದಲು ಫ್ರಾನ್ಸೂ ಅಮೆರಿಕವೂ ಹೆಚ್ಚುಕಡಿಮೆ ಒಂದೇ ಕಡೆ ನಿಂತಿವೆ, ಎರಡೂ 0.5 ದಾಟಿ. ತೆರಿಗೆ, ಪಿಂಚಣಿ, ಭತ್ಯೆ ಎಲ್ಲ ಮುಗಿದ ಮೇಲೆ ಫ್ರಾನ್ಸ್ ಸರ್ರನೆ 0.29ಕ್ಕೆ ಇಳಿಯುತ್ತದೆ. ಅಮೆರಿಕ 0.39ಕ್ಕೆ ಬಂದು ಕೂರುತ್ತದೆ. ಇದನ್ನು ನೋಡಿ "ನೋಡಿ, ಎಲ್ಲ ವ್ಯತ್ಯಾಸವೂ ಸರ್ಕಾರದ್ದೇ" ಎಂದು ಬರೆಯಲು ಕೈ ತುರಿಸುತ್ತದೆ. ನಾನೂ ಬರೆದೆ, ಆಮೇಲೆ ಅಳಿಸಿದೆ. ಯಾಕೆಂದರೆ ಫ್ರಾನ್ಸಿನ ಮುದುಕರು ಬದುಕುವುದು ಬಹುಪಾಲು ಸರ್ಕಾರಿ ಪಿಂಚಣಿಯಲ್ಲಿ. ಪಿಂಚಣಿ ಸರ್ಕಾರದ ಕಡೆಯ ಲೆಕ್ಕ. ಅಂದರೆ "ಸರ್ಕಾರಕ್ಕೆ ಮೊದಲಿನ" ಲೆಕ್ಕದಲ್ಲಿ ಚೆನ್ನಾಗಿಯೇ ಬದುಕುತ್ತಿರುವ ಲಕ್ಷಾಂತರ ಜನರ ಆದಾಯ ಸೊನ್ನೆಗೆ ಹತ್ತಿರ ಅಂತಾಗುತ್ತದೆ! ಅಮೆರಿಕದಲ್ಲಿ ನಿವೃತ್ತಿಯ ದುಡ್ಡಿನ ದೊಡ್ಡ ಪಾಲು ಖಾಸಗಿ ಖಾತೆಗಳಿಂದ ಬರುತ್ತದೆ, ಆ ವಿಷಯದಲ್ಲಿ ಎರಡೂ ದೇಶ ಒಂದೇ ತರ ಅಲ್ಲ. ಇದಕ್ಕೆ ಮದ್ದೂ ಅದೇ ಸೈಟಿನಲ್ಲಿದೆ. ವಯಸ್ಸಿನ ಫಿಲ್ಟರಿನಲ್ಲಿ 18ರಿಂದ 65ರವರನ್ನು ಮಾತ್ರ ಆರಿಸಿಕೊಂಡರೆ ಫ್ರಾನ್ಸಿನ ಮೊದಲಿನ ಅಂಕಿ ಚೆನ್ನಾಗಿಯೇ ಕೆಳಗಿಳಿಯುತ್ತದೆ. ಆ ಒಂದು ಫಿಲ್ಟರ್ ಮುಟ್ಟದೆ ಎಷ್ಟು ಲೇಖನಗಳು ಬಂದಿವೆಯೋ!

ಅರ್ಧ ಅಂಕ ಕಡಿತ ಯಾಕೆ? 2012ರ ಸುಮಾರಿಗೆ ಆದಾಯದ ವ್ಯಾಖ್ಯೆ ಬದಲಾಯಿತು. ಹಳೆಯದಕ್ಕೂ ಹೊಸದಕ್ಕೂ ಬೇರೆ ಬೇರೆ ಸರಣಿ ಇದೆ. ಗಮನಿಸದೆ ಅಂಟಿಸಿದರೆ ಇಲ್ಲದ ಏರಿಳಿತ ಕಾಣುತ್ತದೆ. ಅಂಕಿಗಳು ಎರಡು ಮೂರು ವರ್ಷ ಹಳೆಯವು ಬೇರೆ. ಇನ್ನೊಂದು ದೊಡ್ಡ ಕೊರತೆ ಇಂಥ ಎಲ್ಲ ಸಮೀಕ್ಷೆಗಳದ್ದೂ ಹೌದು. ತೀರಾ ಶ್ರೀಮಂತರು ಸಮೀಕ್ಷೆಗೆ ಸಿಗುವುದೇ ಅಪರೂಪ. ಸಿಕ್ಕರೂ ಎಲ್ಲ ಹೇಳಬೇಕಲ್ಲ.

ಆ ಕೊರತೆ ತುಂಬುತ್ತೇವೆ ಎಂದು ಬಂದದ್ದು ವರ್ಲ್ಡ್ ಇನ್‌ಇಕ್ವಾಲಿಟಿ ಡೇಟಾಬೇಸ್. ಟೋನಿ ಅಟ್ಕಿನ್ಸನ್, ತೋಮಾ ಪಿಕೆಟಿ, ಇಮ್ಯಾನುಯೆಲ್ ಸಾಯೆಜ್ ಈ ಅರ್ಥಶಾಸ್ತ್ರಜ್ಞರೆಲ್ಲ ಸೇರಿ ತೆರಿಗೆ ದಾಖಲೆಗಳಿಂದ ಮೇಲ್ತುದಿಯ ಆದಾಯ ಲೆಕ್ಕ ಹಾಕಲು ಹೊರಟದ್ದು 2011ರಲ್ಲಿ ಒಂದು ಡೇಟಾಬೇಸ್ ಆಯಿತು, 2017ರಲ್ಲಿ ಈಗಿನ ರೂಪಕ್ಕೆ ಬಂತು. ಸೈಟು ನೋಡಲು ಚಂದ. ದೇಶ ಆರಿಸಿ, ಮೇಲಿನ ಶೇ 1, ಮೇಲಿನ ಶೇ 10, ಕೆಳಗಿನ ಅರ್ಧ, ಯಾವುದು ಬೇಕೋ ಒತ್ತಿ, ಕೆಲವು ದೇಶಗಳಿಗೆ ನೂರು ವರ್ಷದ ಗೆರೆ ಬಂದು ನಿಲ್ಲುತ್ತದೆ. 1920ರ ದಶಕದಲ್ಲಿ ಎತ್ತರ, ಎರಡನೇ ಮಹಾಯುದ್ಧದ ಹೊತ್ತಿಗೆ ಕುಸಿತ, 1980ರಿಂದ ಅಮೆರಿಕದಲ್ಲಿ ಮತ್ತೆ ಏರಿಕೆ. ಯುರೋಪಿನ ದೇಶಗಳಲ್ಲಿ ಏರಿದೆ, ಅಷ್ಟು ಕಡಿದಾಗಿ ಅಲ್ಲ. ಈ ಒಂದು ಚಿತ್ರಕ್ಕಾಗಿಯಾದರೂ ಸೈಟಿಗೆ ಹೋಗಬೇಕು.

ಇದರ ಪ್ರಕಾರ ಅಮೆರಿಕದಲ್ಲಿ ಮೇಲಿನ ಶೇ 10 ಜನ ಒಟ್ಟು ಆದಾಯದ ಶೇ 45ರಷ್ಟು ತೆಗೆದುಕೊಳ್ಳುತ್ತಾರೆ, ಕೆಳಗಿನ ಅರ್ಧ ಜನಕ್ಕೆ ಸಿಗುವುದು ಶೇ 13. ಫ್ರಾನ್ಸಿನಲ್ಲಿ ಇದು ಶೇ 32 ಮತ್ತು ಶೇ 23ರ ಹತ್ತಿರ. ಆದರೆ ಒಇಸಿಡಿ ಅಂಕಿ ನೋಡಿ ಇಲ್ಲಿಗೆ ಬಂದವರಿಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ ಅನಿಸುತ್ತದೆ. ಒಇಸಿಡಿಯಲ್ಲಿ ನಡುಮಟ್ಟಕ್ಕಿಂತ ಸ್ವಲ್ಪ ಮೇಲಿದ್ದ ಜಪಾನ್ ಇಲ್ಲಿ ಹೆಚ್ಚುಕಡಿಮೆ ಅಮೆರಿಕದ ಹೆಗಲಿಗೆ ಹೆಗಲು ಕೊಟ್ಟು ನಿಂತಿದೆ. ಯಾಕೆ? ಇಲ್ಲಿ ಅಳೆಯುವುದೇ ಬೇರೆ. ದೇಶದ ಪೂರ್ತಿ ರಾಷ್ಟ್ರೀಯ ಆದಾಯವನ್ನು ಜನರಿಗೆ ಹಂಚುತ್ತಾರೆ. ಕಂಪನಿ ಲಾಭ ಮಾಡಿ ಯಾರಿಗೂ ಹಂಚದೆ ಇಟ್ಟುಕೊಂಡ ದುಡ್ಡೂ ಷೇರುದಾರರ ಆದಾಯ ಅಂತಲೇ ಲೆಕ್ಕ. ಮನೆ ಅಲ್ಲ, 20 ದಾಟಿದ ವಯಸ್ಕರು ಲೆಕ್ಕದ ಘಟಕ. ಗಂಡ ಹೆಂಡತಿ ಇದ್ದರೆ ಇಬ್ಬರ ಆದಾಯ ಸಮ ಪಾಲು. ಸೈಟು ತಾನಾಗಿ ತೋರಿಸುವ ಅಂಕಿಯಂತೂ ಅರೆಬರೆ ಹಂತದ್ದು: ಪಿಂಚಣಿ, ನಿರುದ್ಯೋಗ ವಿಮೆ ಸೇರಿಸಿದೆ, ಉಳಿದ ತೆರಿಗೆ ಮತ್ತು ನೆರವು ಇನ್ನೂ ಮುಟ್ಟಿಲ್ಲ. ನನ್ನ ಪ್ರಕಾರ ಇದು ಜಾಣ ಆಯ್ಕೆ, ಮೇಲೆ ಹೇಳಿದ ಪಿಂಚಣಿ ತೊಂದರೆ ಇದರಲ್ಲಿ ಇಲ್ಲ. ಆದರೆ ಇದನ್ನು ತೆರಿಗೆ ಆದಮೇಲಿನ ಗಿನಿ ಪಕ್ಕ ಇಡುವ ಹಾಗಿಲ್ಲ. ಇಟ್ಟವರನ್ನು ದಿನಾ ನೋಡುತ್ತೇವೆ.

ಈ ವಿಧಾನದ ಬಗ್ಗೆ ಜಗಳವೂ ಜೋರಾಗಿದೆ. ಅಮೆರಿಕದ ಖಜಾನೆ ಇಲಾಖೆಯ ಜೆರಾಲ್ಡ್ ಔಟನ್ ಮತ್ತು ಸಂಸತ್ತಿನ ತೆರಿಗೆ ಸಮಿತಿಯ ಡೇವಿಡ್ ಸ್ಪ್ಲಿಂಟರ್ ಅದೇ ತೆರಿಗೆ ದಾಖಲೆ ಹಿಡಿದು ಬೇರೆಯೇ ತೀರ್ಮಾನಕ್ಕೆ ಬಂದರು. ಅವರ ಲೆಕ್ಕದಲ್ಲಿ ತೆರಿಗೆ ಆದಮೇಲೆ ಮೇಲಿನ ಶೇ 1 ಜನರ ಪಾಲು 1960ರ ದಶಕದಿಂದ ಹೆಚ್ಚೇನೂ ಏರಿಲ್ಲ. ಪ್ರಬಂಧ 2024ರಲ್ಲಿ ಅಚ್ಚಾಯಿತು. ಜಗಳದ ದೊಡ್ಡ ತುಂಡು ಯಾವುದು ಗೊತ್ತಾ? ತೆರಿಗೆಯವರಿಗೆ ತೋರಿಸದೆ ಮುಚ್ಚಿಟ್ಟ ಆದಾಯವನ್ನು ಯಾರ ತಲೆಗೆ ಕಟ್ಟುವುದು ಅನ್ನುವುದು. ಮೇಲಿನವರಿಗೆ ಜಾಸ್ತಿ ಕಟ್ಟಿದರೆ ಒಂದು ಗೆರೆ, ಎಲ್ಲ ಮಟ್ಟದವರಿಗೂ ಹರಡಿದರೆ ಇನ್ನೊಂದು ಗೆರೆ. ಕಣ್ಣಿಗೆ ಕಾಣದ ದುಡ್ಡಿನ ಮೇಲೆ ಇಷ್ಟು ದೊಡ್ಡ ವಾದ ನಿಂತಿದೆ. ನನಗೆ ಪಿಕೆಟಿ ಬಳಗದ ದಿಕ್ಕು ಸರಿ ಅನಿಸುತ್ತದೆ, ಆದರೆ ಅವರ ಅಂಕಿಯ ಕೊನೆಯ ದಶಮಾಂಶದ ಮೇಲೆ ನಾನು ಪಂತ ಕಟ್ಟುವುದಿಲ್ಲ. ಐದಕ್ಕೆ ನಾಲ್ಕು. ಲೆಕ್ಕದ ಕೋಡ್ ತೆರೆದಿಟ್ಟಿದ್ದಾರೆ, ಯಾವ ದೇಶದ ದತ್ತಾಂಶ ಎಷ್ಟು ನಂಬಬಹುದು ಅನ್ನುವುದಕ್ಕೂ ಅಂಕ ಕೊಟ್ಟಿದ್ದಾರೆ. ನನ್ನ ಚಂದಾ ಸೇವೆ ದುಡ್ಡು ತಗೊಂಡೂ ಇದನ್ನು ಮಾಡಿರಲಿಲ್ಲ.

ಇಷ್ಟು ಹೊತ್ತು ಆದಾಯ. ಸಂಪತ್ತಿಗೆ ಬಂದರೆ ನೆಲವೇ ಅಲುಗಾಡುತ್ತದೆ.

ಎಲ್ಲರೂ ಹಂಚಿಕೊಳ್ಳುವುದು ಸ್ವಿಸ್ ಬ್ಯಾಂಕಿನ ವಾರ್ಷಿಕ ಸಂಪತ್ತಿನ ವರದಿಯನ್ನು. 2010ರಿಂದ ಕ್ರೆಡಿಟ್ ಸ್ವಿಸ್ ತರುತ್ತಿತ್ತು, 2023ರಲ್ಲಿ ಆ ಬ್ಯಾಂಕನ್ನು ಯುಬಿಎಸ್ ಕೊಂಡಮೇಲೆ ಯುಬಿಎಸ್ ತರುತ್ತಿದೆ. ಕಾಗದ, ಬಣ್ಣ, ನಕ್ಷೆ ಎಲ್ಲ ಭರ್ಜರಿ. ಇದರ ಅತ್ಯಂತ ಒಳ್ಳೆಯ ಗುಣ, ಸರಾಸರಿಯ ಜೊತೆ ಮಧ್ಯದವನ ಸಂಪತ್ತನ್ನೂ ಕೊಡುವುದು. 2023ರ ಕೊನೆಯ ಲೆಕ್ಕದಲ್ಲಿ ಸ್ವಿಟ್ಜರ್ಲೆಂಡಿನ ವಯಸ್ಕರ ಸರಾಸರಿ ಸಂಪತ್ತು ಸುಮಾರು 7 ಲಕ್ಷ 10 ಸಾವಿರ ಡಾಲರ್. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಡುವೆ ನಿಂತವನನ್ನು ಕೇಳಿದರೆ 1 ಲಕ್ಷ 71 ಸಾವಿರ. ಅಮೆರಿಕದಲ್ಲಿ ಸರಾಸರಿ 5 ಲಕ್ಷ 65 ಸಾವಿರ, ನಡುವಿನವನದು 1 ಲಕ್ಷ 12 ಸಾವಿರ. ಬೆಲ್ಜಿಯಂನಲ್ಲಿ ನಡುವಿನವನ ಹತ್ತಿರ 2 ಲಕ್ಷ 56 ಸಾವಿರ ಇದೆ. ಅಂದರೆ ಅಮೆರಿಕದವನಿಗಿಂತ ಎರಡು ಪಟ್ಟಿಗೂ ಜಾಸ್ತಿ. ಗಿನಿ ಗಿನಿ ಅಂತ ತಲೆ ಕೆಡಿಸಿಕೊಳ್ಳುವ ಬದಲು ಸರಾಸರಿಯನ್ನು ಈ ನಡುವಿನ ಅಂಕಿಯಿಂದ ಭಾಗಿಸಿ ನೋಡಿ. ಅಮೆರಿಕಕ್ಕೆ ಐದು ಬರುತ್ತದೆ, ಸ್ವಿಟ್ಜರ್ಲೆಂಡಿಗೆ ನಾಲ್ಕರ ಮೇಲೆ. ಮೇಲುಗಡೆ ಎಷ್ಟು ಭಾರ ಇದೆ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ.

ಇಲ್ಲೂ ಒಂದು ಗುಂಡಿ ಇದೆ. ಅಮೆರಿಕದ ಕೇಂದ್ರ ಬ್ಯಾಂಕ್ ಮೂರು ವರ್ಷಕ್ಕೊಮ್ಮೆ ಮಾಡುವ ಸಮೀಕ್ಷೆಯಲ್ಲಿ 2022ರ ನಡುವಿನ ಸಂಪತ್ತು 1,92,900 ಡಾಲರ್. ಯುಬಿಎಸ್ 1,12,000 ಅನ್ನುತ್ತದೆ. ಯಾರು ಸುಳ್ಳು? ಇಬ್ಬರೂ ಅಲ್ಲ. ಒಂದು ಮನೆಗೆ ಲೆಕ್ಕ, ಇನ್ನೊಂದು ತಲೆಗೆ ಲೆಕ್ಕ. ಅಂದ ಹಾಗೆ ಆ ಕೇಂದ್ರ ಬ್ಯಾಂಕಿನ ಸಮೀಕ್ಷೆ ಫೋರ್ಬ್ಸ್ ಪಟ್ಟಿಯ 400 ಮಂದಿ ಮಹಾ ಶ್ರೀಮಂತರನ್ನು ಬೇಕಂತಲೇ ಹೊರಗಿಡುತ್ತದೆ.

ಈಗ ಸ್ವೀಡನ್. ಈ ವರದಿಗಳ ಕಾರಣದಿಂದಲೇ ಹುಟ್ಟಿದ ಮಾತೊಂದಿದೆ: ಸ್ವೀಡನ್ ಆದಾಯದಲ್ಲಿ ಸಮಾನ, ಸಂಪತ್ತಿನಲ್ಲಿ ಅಮೆರಿಕಕ್ಕಿಂತ ಅಸಮಾನ. ಕ್ರೆಡಿಟ್ ಸ್ವಿಸ್ ಕಾಲದ ಅಂಕಿಗಳಲ್ಲಿ ಸ್ವೀಡನ್ನಿನ ಸಂಪತ್ತಿನ ಗಿನಿ 0.87ರ ಆಸುಪಾಸು, ಅಮೆರಿಕದ್ದು 0.85. ಓದಿದವರೆಲ್ಲ ಹುಬ್ಬೇರಿಸುತ್ತಾರೆ. ನಾನು ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಇದನ್ನು ಬಿಡಿಸಿ ನೋಡಿದೆ. 2007ರವರೆಗೆ ಸ್ವೀಡನ್ ಹತ್ತಿರ ಬಹಳ ಒಳ್ಳೆಯ ಸಂಪತ್ತಿನ ದಾಖಲೆ ಇತ್ತು, ವ್ಯಕ್ತಿ ವ್ಯಕ್ತಿಯದೂ. ಯಾಕೆ ಇತ್ತು? ಸಂಪತ್ತಿನ ತೆರಿಗೆ ಇತ್ತು, ಅದಕ್ಕೆ. 2007ರಲ್ಲಿ ತೆರಿಗೆ ಎತ್ತಿದರು. ತೆರಿಗೆ ಹೋದ ಹಿಂದೆಯೇ ದಾಖಲೆಯೂ ನಿಂತಿತು. ಆಮೇಲಿನ ವರ್ಷಗಳದ್ದು ಅಂದಾಜು, ಮಾದರಿ, ಶ್ರೀಮಂತರ ಪಟ್ಟಿ ನೋಡಿ ಮಾಡಿದ ಜೋಡಣೆ. ಒಇಸಿಡಿ ಸಂಪತ್ತಿನ ಬಗ್ಗೆ 2018ರಲ್ಲಿ ಹೋಲಿಕೆ ತಂದಾಗ ಅದರಲ್ಲಿ ಸ್ವೀಡನ್ನೇ ಇರಲಿಲ್ಲ. ಅಲ್ಲಿ ತುದಿಯಲ್ಲಿದ್ದದ್ದು ಅಮೆರಿಕ, ಮೇಲಿನ ಶೇ 10 ಮನೆಗಳ ಕೈಯಲ್ಲಿ ಶೇ 79 ಸಂಪತ್ತು. ಜಪಾನಿನಲ್ಲಿ ಶೇ 41, ಸ್ಲೊವಾಕಿಯಾದಲ್ಲಿ ಶೇ 34.

ಹಾಗಂತ ಸ್ವೀಡನ್ನಿನಲ್ಲಿ ಸಂಪತ್ತು ಸಮನಾಗಿ ಹಂಚಿದೆ ಅಂತ ನಾನು ಹೇಳುತ್ತಿಲ್ಲ. ಇಲ್ಲ. ಪಿತ್ರಾರ್ಜಿತದ ಮೇಲಿನ ತೆರಿಗೆಯನ್ನೂ ಅವರು 2004ರಲ್ಲೇ ತೆಗೆದರು, ದೊಡ್ಡ ಉದ್ಯಮಿ ಮನೆತನಗಳು ಅಲ್ಲಿ ತಲೆಮಾರುಗಳಿಂದ ಇವೆ. ಆದರೆ ಕೆಳಗಿನ ಅರ್ಧ ಜನರ ಉಳಿತಾಯ ಯಾಕೆ ಅಷ್ಟು ಕಡಿಮೆ ಕಾಣುತ್ತದೆ ಅಂತಲೂ ಕೇಳಬೇಕಲ್ಲ. ಕಾಯಿಲೆಗೆ ಸರ್ಕಾರ, ಓದಿಗೆ ಸರ್ಕಾರ, ಮುಪ್ಪಿಗೆ ಸರ್ಕಾರಿ ಪಿಂಚಣಿ ಇದ್ದವನು ಹಣ ಕೂಡಿಡುವ ಅಗತ್ಯವೇ ಕಡಿಮೆ. ಅವನಿಗೆ ಮುಂದೆ ಬರಲಿರುವ ಆ ಪಿಂಚಣಿ ಯಾವ ಸಂಪತ್ತಿನ ಪಟ್ಟಿಯಲ್ಲೂ ಇಲ್ಲ. ಅಮೆರಿಕದವನು ತನ್ನ ನಿವೃತ್ತಿ ಖಾತೆಯಲ್ಲಿ ಇಟ್ಟ ಅಷ್ಟೇ ದುಡ್ಡು ಸಂಪತ್ತು ಅಂತ ಪಟ್ಟಿಗೆ ಬರುತ್ತದೆ.

ಮೇಲ್ತುದಿಯಲ್ಲಿ ಇನ್ನೊಂದು ಕಗ್ಗಂಟು. ಪೀಠೋಪಕರಣ ಮಾರುವ ಐಕಿಯ ಅಂಗಡಿಗಳ ಸ್ಥಾಪಕ ಇಂಗ್ವಾರ್ ಕಾಂಪ್ರಾದ್ 1970ರ ದಶಕದಲ್ಲಿ ಸ್ವೀಡನ್ ಬಿಟ್ಟು, ದಶಕಗಟ್ಟಲೆ ಸ್ವಿಟ್ಜರ್ಲೆಂಡಿನಲ್ಲಿದ್ದು, 2014ರಲ್ಲಿ ಊರಿಗೆ ಮರಳಿದರು. ಅಂಗಡಿಗಳ ದೊಡ್ಡ ಪಾಲಿನ ಒಡೆತನ ನೆದರ್‌ಲ್ಯಾಂಡ್ಸ್‌ನಲ್ಲಿ ನೋಂದಾದ ಪ್ರತಿಷ್ಠಾನದ್ದು. ಇದನ್ನು ಯಾವ ದೇಶದ, ಯಾರ ಹೆಸರಿನ ಕಾಲಂನಲ್ಲಿ ಬರೆಯುತ್ತೀರಿ? ಬರೆದರೆ ಒಂದು ಗಿನಿ, ಬಿಟ್ಟರೆ ಇನ್ನೊಂದು.

ಜರ್ಮನಿಯದು ಇದಕ್ಕಿಂತ ಮಜಾ. 2013ರ ಏಪ್ರಿಲ್‌ನಲ್ಲಿ ಯುರೋಪಿನ ಕೇಂದ್ರ ಬ್ಯಾಂಕ್ ತನ್ನ ಮೊದಲ ಮನೆಮನೆ ಸಂಪತ್ತಿನ ಸಮೀಕ್ಷೆ ಹೊರಗೆ ಬಿಟ್ಟಿತು. ಯೂರೋ ಸಾಲದ ಬಿಕ್ಕಟ್ಟು ಉರಿಯುತ್ತಿದ್ದ ಹೊತ್ತು. ಜರ್ಮನಿ ಉಳಿದವರಿಗೆ ಸಾಲ ಕೊಟ್ಟು ಬುದ್ಧಿ ಹೇಳುತ್ತಿದ್ದ ಕಾಲ. ಸಮೀಕ್ಷೆಯಲ್ಲಿ ನಡುವಿನ ಜರ್ಮನ್ ಮನೆಯ ಸಂಪತ್ತು 51,400 ಯೂರೋ. ಗ್ರೀಸಿನದು ಒಂದು ಲಕ್ಷದ ಮೇಲೆ, ಇಟಲಿ 1,73,500, ಸ್ಪೇನ್ 1,82,700! ಜರ್ಮನಿಯಲ್ಲಿ ಕೂಗಾಟ ಶುರುವಾಯಿತು, ನಾವು ಬಡವರು, ಸಾಲ ತಗೊಳ್ಳುವವರು ಶ್ರೀಮಂತರು ಅಂತ. ಗುಟ್ಟು ಮನೆಯಲ್ಲಿತ್ತು. ಸ್ಪೇನಿನಲ್ಲಿ ಹತ್ತರಲ್ಲಿ ಎಂಟು ಕುಟುಂಬ ಸ್ವಂತ ಮನೆಯಲ್ಲಿದ್ದರೆ, ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬ ಬಾಡಿಗೆಯಲ್ಲಿ. ಬಾಡಿಗೆದಾರನಿಗೆ ಕಾನೂನಿನ ರಕ್ಷಣೆ ಗಟ್ಟಿ ಇದ್ದಾಗ ಮನೆ ಕೊಳ್ಳುವ ತರಾತುರಿ ಯಾರಿಗೆ ಬೇಕು? ಜರ್ಮನ್ ಮನೆಗಳಲ್ಲಿ ತಲೆಗಳೂ ಕಡಿಮೆ. ಪಿಂಚಣಿ ಹಕ್ಕು ಇಲ್ಲೂ ಲೆಕ್ಕಕ್ಕಿಲ್ಲ. ಇದರಿಂದ ನಾನು ಕಲಿತದ್ದು, ಸಂಪತ್ತಿನ ಯಾವ ಪಟ್ಟಿ ನೋಡಿದರೂ ಮೊದಲು ಸ್ವಂತ ಮನೆಯವರು ಎಷ್ಟು ಮಂದಿ ಅಂತ ನೋಡಬೇಕು, ಆಮೇಲೆ ಪಿಂಚಣಿ ಎಲ್ಲಿಂದ ಬರುತ್ತದೆ ಅಂತ. ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಒಗಟು ಬಿಡಿಸಿದ ಹಾಗೆ.

ಸ್ವಿಸ್ ಬ್ಯಾಂಕಿನ ಆ ವರದಿಗೆ ಐದಕ್ಕೆ ಮೂರು. ನಡುವಿನ ಅಂಕಿಗಾಗಿ ಓದಿ. ಗಿನಿ ಪಟ್ಟಿಯ ರ‍್ಯಾಂಕ್ ನೋಡಿ ತೀರ್ಮಾನ ಮಾಡಬೇಡಿ. ಸಾಲ ಆಸ್ತಿಗಿಂತ ಜಾಸ್ತಿ ಇದ್ದರೆ ಸಂಪತ್ತು ಋಣಾತ್ಮಕ ಆಗುತ್ತದೆ, ಆಗ ಗಿನಿ ಅನ್ನುವ ಅಳತೆಯೇ ವಿಚಿತ್ರವಾಗಿ ಆಡುತ್ತದೆ. ಈಗಷ್ಟೇ ಓದು ಮುಗಿಸಿ ಸಾಲ ಹೊತ್ತ ಡಾಕ್ಟರು, ಹುಂಡಿಯಲ್ಲಿ ನಾಲ್ಕು ಕಾಸಿರುವ ಮಗುವಿಗಿಂತ ಬಡವ ಅನ್ನುವ ಲೆಕ್ಕ ಅದು.

ಉಳಿದ ಎರಡರ ಬಗ್ಗೆ ಚುಟುಕಾಗಿ. ಲಕ್ಸೆಂಬರ್ಗ್ ಇನ್‌ಕಮ್ ಸ್ಟಡಿ 1983ರಿಂದ ಇದೆ, ಬೇರೆ ಬೇರೆ ದೇಶಗಳ ಸಮೀಕ್ಷೆಗಳನ್ನು ಒಂದೇ ಅಚ್ಚಿಗೆ ಎರಕ ಹೊಯ್ಯುತ್ತದೆ. ಮೂಲ ದತ್ತಾಂಶ ನಿಮ್ಮ ಕೈಗೆ ಕೊಡುವುದಿಲ್ಲ, ನೀವು ಕೋಡ್ ಬರೆದು ಕಳಿಸಿದರೆ ಅಲ್ಲಿ ಓಡಿಸಿ ಉತ್ತರ ಕಳಿಸುತ್ತಾರೆ. ಸಂಶೋಧಕರಿಗೆ ಚಿನ್ನ. ನನ್ನಂಥವರಿಗೆ ಅವರು ತೆರೆದಿಟ್ಟಿರುವ ಮುಖ್ಯ ಅಂಕಿಗಳೇ ಸಾಕು. ಅವರ್ ವರ್ಲ್ಡ್ ಇನ್ ಡೇಟಾ ಸ್ವಂತ ಅಂಕಿ ಹುಟ್ಟಿಸುವುದಿಲ್ಲ, ಆದರೆ ಒಂದೇ ದೇಶಕ್ಕೆ ಬೇರೆ ಬೇರೆ ಮೂಲಗಳು ಏನು ಹೇಳುತ್ತವೆ ಎಂದು ಪಕ್ಕಪಕ್ಕ ಇಡುತ್ತದೆ. ಪ್ರತಿ ಚಾರ್ಟಿನ ಬುಡದಲ್ಲಿ ತೆರಿಗೆಗೆ ಮೊದಲಾ ಆಮೇಲಾ, ಮನೆಗಾ ತಲೆಗಾ ಅಂತ ಬರೆದಿರುತ್ತದೆ. ಹೊಸಬರು ಇಲ್ಲಿಂದ ಶುರು ಮಾಡಿ. ನಾನು ಉಲ್ಟಾ ಮಾಡಿದೆ, ಕೊನೆಗೆ ಇಲ್ಲಿಗೆ ಬಂದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಮೊನ್ನೆ ಆ ಚಂದಾ ಸೇವೆಯಿಂದ ಮೇಲ್ ಬಂತು, ಅವಧಿ ಮುಗಿಯುತ್ತಿದೆ, ನವೀಕರಿಸಿ ಎಂದು. ರದ್ದು ಮಾಡಲು ಹೋದರೆ ಕಾರಣ ಬರೆಯಲು ಒಂದು ಪೆಟ್ಟಿಗೆ ತೆರೆಯಿತು. "ತೆರಿಗೆಗೆ ಮೊದಲಾ, ಆಮೇಲಾ?" ಎಂದು ಬರೆದು ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.